ಸಕ್ಕರೆ ನಾಡಿನ ಸೂತ್ರಧಾರ ಡಾ. ಲೆಸ್ಲಿ ಕೋಲ್ಮನ್: ಹೊಲದಿಂದ ಕಾರ್ಖಾನೆಯವರೆಗಿನ ಒಂದು ಬದುಕು

ಚಂದಕವಾಡಿ (ಚಾಮರಾಜನಗರ): ಅಂಗಡಿಯ ಗಾಜಿನ ಭರಣಿಯಲ್ಲಿ ಥಳಥಳಿಸುವ ಕಾಗದ ಸುತ್ತಿಕೊಂಡು ಕುಳಿತಿರುವ ಚಾಕೊಲೇಟಿಗೂ ಚಂದಕವಾಡಿ ಹೋಬಳಿಯ ರೈತನಿಗೂ ಏನು ಸಂಬಂಧ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಆದರೆ ಹಾಲಿನ ಚಾಕೊಲೇಟಿನ ತೂಕದಲ್ಲಿ ಅರ್ಧದಷ್ಟು ಪಾಲು ಸಕ್ಕರೆಯದೇ ಆಗಿರುತ್ತದೆ. ಉಳಿದುದರಲ್ಲಿ ಹಾಲಿನ ಪುಡಿ ಒಂದು ಭಾಗವಾದರೆ, ಅಡಿಕೆ ಮತ್ತು ತೆಂಗಿನ ತೋಟಗಳ ನೆರಳಿನಲ್ಲಿ ಬೆಳೆಯುವ ಕೋಕೋ ಇನ್ನೊಂದು ಭಾಗ. ಕರ್ನಾಟಕದಲ್ಲಿ ಕಬ್ಬು ಸಕ್ಕರೆಯಾಗಿ ಕಾರ್ಖಾನೆಯಿಂದ ಹೊರಬರುವುದಕ್ಕೂ, ಮಲೆನಾಡಿನ ಅಡಿಕೆ ತೋಟ ಮಳೆಗಾಲದ ರೋಗದಿಂದ ಉಳಿದುಕೊಳ್ಳುವುದಕ್ಕೂ ಒಬ್ಬನೇ ವ್ಯಕ್ತಿಯ ದುಡಿಮೆ ಬುನಾದಿಯಾಯಿತೆಂಬ ಸಂಗತಿ ಇಂದಿನ ಪೀಳಿಗೆಗೆ ಅಷ್ಟಾಗಿ ತಿಳಿದಿಲ್ಲ. ಆತ ಕನ್ನಡಿಗನಲ್ಲ, ಭಾರತೀಯನೂ ಅಲ್ಲ. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಮಂಡ್ಯದ ಹಿರಿಯರು ಇಂದಿಗೂ ಕೋಲ್ಮನ್ ಹೆಸರನ್ನು ಸರ್ ಎಂ. ವಿಶ್ವೇಶ್ವರಯ್ಯ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಹೆಸರುಗಳ ಜೊತೆಯಲ್ಲಿಯೇ ಹೇಳುವುದುಂಟು. ಆದರೆ ಚಾಮರಾಜನಗರದಂತಹ ಗಡಿ ಜಿಲ್ಲೆಯಲ್ಲಿ ಈ ಹೆಸರು ಕಿವಿಗೆ ಬೀಳುವುದು ಅಪರೂಪ. ಕೃಷಿ ಉತ್ಪನ್ನಕ್ಕೆ ಬೆಲೆ ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಚರ್ಚೆ ಮತ್ತೆ ಮತ್ತೆ ಏಳುತ್ತಿರುವ ಈ ಹೊತ್ತಿನಲ್ಲಿ ಅವರ ಬದುಕನ್ನು ಒಮ್ಮೆ ತಿರುಗಿ ನೋಡುವುದು ಸಕಾಲಿಕ.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಅವರು ಜನಿಸಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಬಳಿಕ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. ಸಸ್ಯರೋಗ ಮತ್ತು ಕೀಟ ಎರಡನ್ನೂ ಬಲ್ಲ ವಿಜ್ಞಾನಿಗಳು ಆ ಕಾಲದಲ್ಲಿ ವಿರಳ. 1908ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ಶಿಲೀಂಧ್ರ ಮತ್ತು ಕೀಟ ಶಾಸ್ತ್ರಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಆ ಹೊತ್ತಿಗೆ ಸಂಸ್ಥಾನದಲ್ಲಿ ಕೃಷಿ ವಿಜ್ಞಾನದ ಬೀಜ ಬಿದ್ದಾಗಿತ್ತು. ಮತ್ತೊಬ್ಬ ಕೆನಡಿಯನ್ನರಾದ ಡಾ. ಅಡಾಲ್ಫ್ ಲೇಮನ್ ಅವರು 1899ರಿಂದಲೇ ಕೃಷಿ ರಸಾಯನ ಶಾಸ್ತ್ರಜ್ಞರಾಗಿ ಮಣ್ಣಿನ ಪರೀಕ್ಷೆ ಆರಂಭಿಸಿದ್ದರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲದಲ್ಲಿ ಹೆಬ್ಬಾಳದಲ್ಲಿ ಮೂವತ್ತು ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ನೀಡಿದ್ದರು. ಆದರೆ ಪ್ರಯೋಗಶಾಲೆಯ ಫಲಿತಾಂಶ ರೈತನ ಹೊಲಕ್ಕೆ ತಲುಪುವ ವ್ಯವಸ್ಥೆ ಇನ್ನೂ ರೂಪುಗೊಂಡಿರಲಿಲ್ಲ. ಆ ಸೇತುವೆಯನ್ನು ಕಟ್ಟುವುದೇ ಮುಂದಿನ 26 ವರ್ಷಗಳ ಕಾಲ ಕೋಲ್ಮನ್ ಅವರ ಕಾಯಕವಾಯಿತು.

ಕೊಳೆರೋಗದ ವಿರುದ್ಧ ಮೊದಲ ಜಯ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮುಂಗಾರು ಎಂದರೆ ಜೀವ ಕೈಯಲ್ಲಿ ಹಿಡಿಯುವ ಕಾಲ. ಬಿಡದೆ ಸುರಿಯುವ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ರಾಶಿ ರಾಶಿಯಾಗಿ ಉದುರುತ್ತಿದ್ದವು. ಅದನ್ನೇ ಜನ ಕೊಳೆರೋಗವೆಂದು ಕರೆದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುವುದೊಂದೇ ರೈತರಿಗೆ ಗೊತ್ತಿದ್ದ ಉಪಾಯ. ಸಾವಿರಾರು ಮರಗಳನ್ನು ಹತ್ತಿ ಒಂದೊಂದೇ ಗೊನೆಗೆ ಕೊಟ್ಟೆ ಕಟ್ಟುವ ಆ ಕೆಲಸಕ್ಕೆ ತಗಲುತ್ತಿದ್ದ ಕೂಲಿ ಮತ್ತು ಶ್ರಮ ಸಣ್ಣ ಬೆಳೆಗಾರನ ಶಕ್ತಿಯನ್ನು ಮೀರಿದ್ದಾಗಿತ್ತು.

ಕೋಲ್ಮನ್ ಅವರು ರೋಗಕ್ಕೆ ಕಾರಣ ಫೈಟಾಫ್ತೊರಾ ಕುಲದ ಸೂಕ್ಷ್ಮಜೀವಿ ಎಂಬುದನ್ನು ಕಂಡುಕೊಂಡು 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು, ಅಂದರೆ ಇಂದು ಎಲ್ಲರೂ ಬಲ್ಲ ಬೋರ್ಡೋ ದ್ರಾವಣವನ್ನು, ಅಡಿಕೆ ಗೊನೆಗಳಿಗೆ ಸಿಂಪಡಿಸುವ ಪ್ರಯೋಗ ಕೈಗೊಂಡರು. ಮಲೆನಾಡಿನ ಮಳೆಗೆ ಔಷಧ ತೊಳೆದುಹೋಗದಂತೆ ಅಂಟು ಸೇರಿಸುವ ಕ್ರಮವೂ ಜಾರಿಗೆ ಬಂತು. ಮೊದಮೊದಲು ಅನುಮಾನದಿಂದ ನೋಡಿದ ಬೆಳೆಗಾರರು, ಔಷಧ ಹೊಡೆದ ತೋಟದಲ್ಲಿ ಗೊನೆ ನಿಂತಿದ್ದನ್ನೂ ಹೊಡೆಯದ ತೋಟದಲ್ಲಿ ಕಾಯಿ ನೆಲಕ್ಕೆ ಬಿದ್ದಿದ್ದನ್ನೂ ಕಣ್ಣಾರೆ ಕಂಡ ಮೇಲೆ ತಾವೇ ಮುಂದಾದರು. ಶತಮಾನ ಕಳೆದರೂ ಅಡಿಕೆ ಸೀಮೆಯಲ್ಲಿ ಮುಂಗಾರಿಗೆ ಮುನ್ನ ಬೋರ್ಡೋ ಸಿಂಪಡಣೆ ತಪ್ಪದ ವಾರ್ಷಿಕ ಕೆಲಸವಾಗಿಯೇ ಉಳಿದಿದೆ ಎಂಬುದು ಆ ಸಂಶೋಧನೆಯ ಗಟ್ಟಿತನಕ್ಕೆ ಸಾಕ್ಷಿ.

ಈ ಪ್ರಸಂಗದಲ್ಲಿ ಒಂದು ಆರ್ಥಿಕ ಪಾಠವೂ ಅಡಗಿದೆ. ವಿಜ್ಞಾನಿಯ ಸಂಬಳ, ಪ್ರಯೋಗದ ಖರ್ಚು, ಪ್ರಾತ್ಯಕ್ಷಿಕೆಯ ಓಡಾಟ ಎಲ್ಲವನ್ನೂ ಭರಿಸಿದ್ದು ಸರ್ಕಾರ. ಲಾಭ ಮಾತ್ರ ಸಾವಿರಾರು ತೋಟಗಳಿಗೆ ಹಂಚಿಹೋಯಿತು. ಯಾವೊಬ್ಬ ಬೆಳೆಗಾರನೂ ತಾನೊಬ್ಬನೇ ಈ ಸಂಶೋಧನೆಗೆ ಹಣ ಹೂಡಲು ಸಾಧ್ಯವಿರಲಿಲ್ಲ.

ಇಲಾಖೆ ಕಟ್ಟಿದ ಬಗೆ

ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷ, 1913ರಲ್ಲಿ, ಕೃಷಿ ಇಲಾಖೆ ವಿಸ್ತಾರಗೊಂಡು ಕೋಲ್ಮನ್ ಅದರ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಇದೇ ನೆಲದಲ್ಲಿ 1946ರಲ್ಲಿ ಕೃಷಿ ಕಾಲೇಜು ತಲೆಯೆತ್ತಿತು. 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು.

ಕೋಲ್ಮನ್ ಅವರ ಇನ್ನೊಂದು ಗುಣ ಸ್ಥಳೀಯ ಪ್ರತಿಭೆಗಳನ್ನು ಬೆಳೆಸಿದ್ದು. ಕೀಟಶಾಸ್ತ್ರದಲ್ಲಿ ಕೆ. ಕುಂಞಿಕಣ್ಣನ್, ಸಸ್ಯರೋಗ ಶಾಸ್ತ್ರದಲ್ಲಿ ಎಂ.ಜೆ. ನರಸಿಂಹನ್ ಮೊದಲಾದವರು ಅವರ ಜೊತೆ ದುಡಿದು ತಮ್ಮ ಕ್ಷೇತ್ರಗಳಲ್ಲಿ ಹೆಸರಾದರು. ಜೋಳದ ಬೆಳೆಯನ್ನು ನಾಶಮಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಕುರಿತು ಕೋಲ್ಮನ್ ಮತ್ತು ಕುಂಞಿಕಣ್ಣನ್ ನಡೆಸಿದ ಅಧ್ಯಯನ 1911ರಲ್ಲಿ ಪ್ರಕಟವಾಯಿತು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂಬ ವೈಜ್ಞಾನಿಕ ಹೆಸರು ಬಂದದ್ದು ಇವರಿಂದಲೇ. ಶ್ರೀಗಂಧದ ಮರಗಳನ್ನು ಕಾಡುತ್ತಿದ್ದ ಸ್ಪೈಕ್ ರೋಗದ ಬಗ್ಗೆಯೂ ಅವರು ಶೋಧ ನಡೆಸಿದರು. ಕಾಫಿ ಬೆಳೆಗಾರರ ನೆರವಿಗಾಗಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಗೊಂಡದ್ದು ಅವರ ಆಡಳಿತಾವಧಿಯಲ್ಲಿಯೇ. ಮಳೆಯಾಶ್ರಿತ ರೈತನ ಅನ್ನವಾದ ರಾಗಿಯನ್ನೂ ಅವರು ಮರೆಯಲಿಲ್ಲ. ರಾಗಿ ತಳಿಗಳ ಆಯ್ಕೆ ಮತ್ತು ಸುಧಾರಣೆಯ ಕೆಲಸ ಹೆಬ್ಬಾಳದಲ್ಲಿ ನಡೆಯಿತು.

ನೀರು ಬಂತು, ಬೆಳೆ ಯಾವುದು?

ಕೋಲ್ಮನ್ ಅವರ ಬದುಕಿನ ಅತಿ ದೊಡ್ಡ ಅಧ್ಯಾಯ ಆರಂಭವಾದದ್ದು ಸೇವೆಯ ಕೊನೆಯ ವರ್ಷಗಳಲ್ಲಿ. 1911ರಲ್ಲಿ ಆರಂಭವಾಗಿದ್ದ ಕೃಷ್ಣರಾಜಸಾಗರದ ಕಾಮಗಾರಿ 1930ರ ದಶಕದ ಆರಂಭದಲ್ಲಿ ಮುಗಿಯುವ ಹಂತಕ್ಕೆ ಬಂತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ ಸೀಮೆಯ ಒಂದು ಲಕ್ಷ ಎಕರೆಗೂ ಮಿಕ್ಕ ಜಮೀನಿಗೆ ನೀರುಣಿಸುವ ಯೋಜನೆ ಸಿದ್ಧವಾಗಿತ್ತು. ಆದರೆ ನೀರು ಹರಿದ ಮಾತ್ರಕ್ಕೆ ಹಣ ಹರಿಯುವುದಿಲ್ಲ. ಅಣೆಕಟ್ಟು ಮತ್ತು ನಾಲೆಗೆ ಸಂಸ್ಥಾನ ಸುರಿದಿದ್ದ ಬಂಡವಾಳ ಅಪಾರ. ಅದೇ ಹೊತ್ತಿಗೆ ಜಗತ್ತನ್ನು ಆವರಿಸಿದ ಆರ್ಥಿಕ ಮುಗ್ಗಟ್ಟಿನಿಂದ ಧಾನ್ಯದ ಬೆಲೆಗಳು ಕುಸಿದಿದ್ದವು. ರಾಗಿ, ಭತ್ತವನ್ನಷ್ಟೇ ಬೆಳೆದರೆ ರೈತ ನೀರಿನ ಕಂದಾಯ ಕಟ್ಟುವುದೂ ಕಷ್ಟವಾಗುತ್ತಿತ್ತು.

ಈ ಲೆಕ್ಕಾಚಾರಕ್ಕೆ ಉತ್ತರವಾಗಿ ಬಂದದ್ದು ಕಬ್ಬು. ಕಬ್ಬು ಮೈಸೂರು ಸೀಮೆಗೆ ಹೊಸದಲ್ಲ. ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳು ಮತ್ತು ಆಲೆಮನೆಯ ಬೆಲ್ಲ ಶತಮಾನಗಳಿಂದ ಇದ್ದವು. ಆದರೆ ಬಿಳಿ ಸಕ್ಕರೆ ಮಾತ್ರ ಜಾವಾ ದ್ವೀಪದಿಂದ ಹಡಗಿನಲ್ಲಿ ಬರುತ್ತಿತ್ತು. 1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯಿದೆಯನ್ನು ತಂದು ಆಮದು ಸಕ್ಕರೆಯ ಮೇಲೆ ಭಾರಿ ಸುಂಕ ಹೇರಿತು. ಮೂವತ್ತರ ಆಸುಪಾಸಿನಲ್ಲಿದ್ದ ದೇಶದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ಐದಾರು ವರ್ಷಗಳಲ್ಲಿ ನೂರನ್ನು ಮೀರಿತು. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಕೇಂದ್ರದಿಂದ ಹೆಚ್ಚು ಇಳುವರಿಯ ತಳಿಗಳೂ ದೊರೆಯುತ್ತಿದ್ದವು. ನೀರು, ತಳಿ, ಸುಂಕದ ರಕ್ಷಣೆ ಮೂರೂ ಒಂದೇ ಕಾಲಕ್ಕೆ ಕೂಡಿಬಂದ ಆ ಗಳಿಗೆಯನ್ನು ಕೋಲ್ಮನ್ ಸರಿಯಾಗಿ ಗುರುತಿಸಿದರು.

1931ರಲ್ಲಿ ಮಂಡ್ಯದ ಬಳಿ ಇರ್ವಿನ್ ನಾಲಾ ಫಾರಂ ಆರಂಭವಾಯಿತು. ಇದೇ ಇಂದಿನ ವಿ.ಸಿ. ಫಾರಂ. ಹೊಸದಾಗಿ ನೀರು ಕಂಡ ನೆಲದಲ್ಲಿ ಯಾವ ಬೆಳೆ, ಎಷ್ಟು ನೀರು, ಎಷ್ಟು ಗೊಬ್ಬರ ಎಂಬುದನ್ನು ಅಲ್ಲಿ ಪರೀಕ್ಷಿಸಲಾಯಿತು. ಎಲ್ಲರೂ ಒಮ್ಮೆಗೇ ಕಬ್ಬು ನಾಟಿ ಮಾಡಿ ನೀರಿಗೆ ಜಗಳವಾಡದಂತೆ, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ ಮತ್ತು ಅರೆ ಖುಷ್ಕಿ ಬೆಳೆಗಳನ್ನು ಸರದಿಯಂತೆ ಬೆಳೆಯುವ ಕ್ರಮವನ್ನು ನಾಲಾ ಪ್ರದೇಶದಲ್ಲಿ ಅನುಸರಿಸಲಾಯಿತು. ಇದರಿಂದ ಮಣ್ಣಿಗೂ ವಿಶ್ರಾಂತಿ, ನಾಲೆಯ ಕೊನೆಯ ರೈತನಿಗೂ ನೀರು, ಕಾರ್ಖಾನೆಗೂ ವರ್ಷವರ್ಷ ಒಂದೇ ಪ್ರಮಾಣದ ಕಬ್ಬು ಎಂಬುದು ಉದ್ದೇಶ.

ಕಾರ್ಖಾನೆಯ ಹುಟ್ಟು

ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. 1934ರ ಜನವರಿಯಲ್ಲಿ ಮಂಡ್ಯದ ಕಾರ್ಖಾನೆ ಕಬ್ಬು ಅರೆಯಲಾರಂಭಿಸಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದ ಬೆಂಬಲ ಮತ್ತು ಕೋಲ್ಮನ್ ಅವರ ಕೃಷಿ ಯೋಜನೆ ಎರಡೂ ಇದರ ಹಿಂದಿದ್ದವು. ಸರ್ಕಾರವೇ ಮುಖ್ಯ ಷೇರುದಾರನಾಗಿ, ಸಾರ್ವಜನಿಕರಿಗೂ ಬೆಳೆಗಾರರಿಗೂ ಷೇರು ನೀಡಿ ಕಟ್ಟಿದ ಕಂಪನಿ ಇದಾಗಿತ್ತೆಂಬುದು ವಿಶೇಷ.

ಸರ್ಕಾರ ಏಕೆ ಕೈಹಾಕಬೇಕಿತ್ತು ಎಂಬುದಕ್ಕೆ ಕಬ್ಬಿನ ಸ್ವಭಾವದಲ್ಲಿಯೇ ಉತ್ತರವಿದೆ. ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನ ತಡವಾದರೂ ರಸದಲ್ಲಿನ ಸಕ್ಕರೆಯ ಅಂಶ ಇಳಿಯತೊಡಗುತ್ತದೆ. ದೂರಕ್ಕೆ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ತಿನ್ನುತ್ತದೆ. ಹೀಗಾಗಿ ಬೆಳೆಗಾರನಿಗೆ ಹತ್ತಿರದ ಕಾರ್ಖಾನೆಯೊಂದೇ ಗಿರಾಕಿ. ಅತ್ತ ಕಾರ್ಖಾನೆಗೂ ಸುತ್ತಲಿನ ಕಬ್ಬಿಲ್ಲದೆ ಯಂತ್ರ ತಿರುಗುವುದಿಲ್ಲ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಈ ಸಂಬಂಧದಲ್ಲಿ ಬೆಲೆ ನಿರ್ಧರಿಸುವ ಅಧಿಕಾರ ಒಂದೇ ಕಡೆ ಸೇರಿಕೊಂಡರೆ ಇನ್ನೊಂದು ಕಡೆ ಸೊರಗುವುದು ನಿಶ್ಚಿತ. ರೈತನ ಕೈಯಲ್ಲಿದ್ದ ಏಕೈಕ ಪರ್ಯಾಯ ಆಲೆಮನೆ.

ಫಲಿತಾಂಶ ಕಣ್ಣೆದುರಿಗೇ ಇತ್ತು. ಸಾಧಾರಣ ಊರಾಗಿದ್ದ ಮಂಡ್ಯ ಕೆಲವೇ ವರ್ಷಗಳಲ್ಲಿ ಪಟ್ಟಣವಾಗಿ ಬೆಳೆದು, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಹೊಸ ಜಿಲ್ಲೆಯ ಕೇಂದ್ರವಾಯಿತು. ಸಕ್ಕರೆ ನಾಡು ಎಂಬ ಬಿರುದು ಅಂಟಿಕೊಂಡಿತು. ಆದರೆ ಇದನ್ನೆಲ್ಲ ನೋಡಲು ಕೋಲ್ಮನ್ ಇಲ್ಲಿರಲಿಲ್ಲ. ಕಾರ್ಖಾನೆ ಆರಂಭವಾದ 1934ರಲ್ಲಿಯೇ ನಿವೃತ್ತರಾಗಿ ಅವರು ಕೆನಡಾಕ್ಕೆ ಮರಳಿದರು. ಅಲ್ಲಿ ಮತ್ತೆ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧನೆಯಲ್ಲಿ ತೊಡಗಿಕೊಂಡರು. 1954ರ ಸೆಪ್ಟೆಂಬರ್ 14ರಂದು, ತಮ್ಮ 76ನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು.

ತೋಟದ ನೆರಳಿನಲ್ಲಿ ಕೋಕೋ

ಕೋಲ್ಮನ್ ಕಾಪಾಡಿದ ಅಡಿಕೆ ತೋಟಗಳ ಕಥೆ ಅವರ ಕಾಲದ ನಂತರ ಅನಿರೀಕ್ಷಿತ ತಿರುವು ಪಡೆಯಿತು. 1960–70ರ ದಶಕಗಳಲ್ಲಿ ಕರಾವಳಿ ಕರ್ನಾಟಕ ಮತ್ತು ಕೇರಳದ ಅಡಿಕೆ, ತೆಂಗಿನ ತೋಟಗಳಿಗೆ ಕೋಕೋ ಉಪಬೆಳೆಯಾಗಿ ಕಾಲಿಟ್ಟಿತು. ಚಾಕೊಲೇಟ್ ತಯಾರಿಕಾ ಕಂಪನಿಯೇ ಬೆಳೆಯನ್ನು ಪ್ರೋತ್ಸಾಹಿಸಿತು. ಬೆಳೆ ಕೈಗೆ ಬರುವ ವೇಳೆಗೆ, 1980ರ ಹೊತ್ತಿಗೆ, ಜಾಗತಿಕ ಬೆಲೆ ಕುಸಿದು ಖರೀದಿ ನಿಂತಿತು. ಹಸಿ ಕೋಕೋ ಬೀಜವೂ ಕಬ್ಬಿನಂತೆಯೇ ಕಾಯುವ ಸರಕಲ್ಲ. ಕಾಯಿ ಒಡೆದ ಬಳಿಕ ಆರೇಳು ದಿನ ಹುದುಗಿಸಿ ಒಣಗಿಸದಿದ್ದರೆ ಹಾಳಾಗುತ್ತದೆ. ಸುಮಾರು ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ ಸಿಗುತ್ತದೆ. ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದರು.

ಆಗ ನೆರವಿಗೆ ಬಂದದ್ದು ಕ್ಯಾಂಪ್ಕೊ. ಅಡಿಕೆ ಬೆಲೆ ಕುಸಿತದ ಸಂಕಟದಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಇದು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಕೋಕೋ ಖರೀದಿಗೆ ಇಳಿದ ಸಂಸ್ಥೆ, ಬೀಜವನ್ನು ಮಾರಿ ಕೈತೊಳೆದುಕೊಳ್ಳುವ ಬದಲು ತಾನೇ ಚಾಕೊಲೇಟ್ ಮಾಡುವ ನಿರ್ಧಾರ ಕೈಗೊಂಡಿತು. 1986ರ ಸೆಪ್ಟೆಂಬರ್ 1ರಂದು ಪುತ್ತೂರಿನಲ್ಲಿ ಅದರ ಕಾರ್ಖಾನೆಯನ್ನು ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಬೆಳೆಗಾರರೇ ಒಡೆಯರಾಗಿರುವ ಚಾಕೊಲೇಟ್ ಕಾರ್ಖಾನೆ ಎಂಬ ಹೆಗ್ಗಳಿಕೆ ಅದರದ್ದು.

ಗಮನಿಸಬೇಕಾದ ಸಂಗತಿ ಎಂದರೆ, ಮಳೆಗಾಲದಲ್ಲಿ ಕೋಕೋ ಕಾಯಿಯನ್ನು ಕಾಡುವ ಕಪ್ಪುಕಾಯಿ ರೋಗಕ್ಕೂ ಕಾರಣ ಫೈಟಾಫ್ತೊರಾ ಕುಲದ ಜೀವಿಯೇ. ಅದಕ್ಕೆ ಶಿಫಾರಸು ಮಾಡುವುದೂ ಶೇ 1ರ ಬೋರ್ಡೋ ದ್ರಾವಣವನ್ನೇ. ಅಡಿಕೆಗಾಗಿ ಕೋಲ್ಮನ್ ಕಲಿಸಿದ ಪಾಠ ಚಾಕೊಲೇಟಿನ ಬೆಳೆಗೂ ಉಪಯೋಗಕ್ಕೆ ಬಂತು.

ಎರಡು ಸಿಹಿ, ಎರಡು ಲೆಕ್ಕ

ಸಕ್ಕರೆ ಮತ್ತು ಕೋಕೋ ಒಂದೇ ಚಾಕೊಲೇಟಿನಲ್ಲಿ ಬೆರೆತರೂ ಅವುಗಳ ಮಾರುಕಟ್ಟೆ ಬೇರೆ ಬೇರೆ. ಕಬ್ಬಿಗೆ ಕೇಂದ್ರ ಸರ್ಕಾರ ನ್ಯಾಯಸಮ್ಮತ ಮತ್ತು ಲಾಭದಾಯಕ ದರ ನಿಗದಿಪಡಿಸುತ್ತದೆ. 2025–26ರ ಹಂಗಾಮಿಗೆ ಶೇ 10.25ರ ಇಳುವರಿಗೆ ಕ್ವಿಂಟಲಿಗೆ ₹355 ಎಂದು ಘೋಷಿಸಲಾಯಿತು. ಅಂದರೆ ಒಂದು ಟನ್ ಕಬ್ಬಿಗೆ ₹3,550. ಅದರಿಂದ ಸಿಗುವ ಸಕ್ಕರೆ ಸುಮಾರು 102 ಕಿಲೋ. ಒಂದು ಕಿಲೋ ಸಕ್ಕರೆಯಲ್ಲಿ ಕಬ್ಬಿನ ಬೆಲೆಯೇ ಹತ್ತಿರ ಹತ್ತಿರ ₹35 ಆಯಿತು. ಕಾರ್ಖಾನೆಗಳು ಕಾಕಂಬಿ, ಎಥೆನಾಲ್, ವಿದ್ಯುತ್ ಮುಂತಾದ ಉಪ ಉತ್ಪನ್ನಗಳತ್ತ ಮುಖಮಾಡಿರುವುದಕ್ಕೆ ಈ ಲೆಕ್ಕವೇ ಕಾರಣ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ಬೀದಿಗಿಳಿಯುವ ದೃಶ್ಯ ಮಾತ್ರ ರಾಜ್ಯಕ್ಕೆ ಹೊಸದಲ್ಲ.

ಕೋಕೋಗೆ ಇಂತಹ ರಕ್ಷಣೆ ಇಲ್ಲ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದಲೇ ಬರುತ್ತದೆ. ಅಲ್ಲಿ ಬೆಳೆ ಕೈಕೊಟ್ಟ ಕಾರಣ 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರನ್ನು ದಾಟಿತು. ಅದರ ಬಿಸಿ ಪುತ್ತೂರಿನ ಮಾರುಕಟ್ಟೆಗೂ ತಟ್ಟಿ, ಆ ವರ್ಷ ಇಲ್ಲಿನ ಬೆಳೆಗಾರರು ಹಿಂದೆಂದೂ ಕಾಣದ ಬೆಲೆ ಕಂಡರು. ಬಳಿಕ ಬೆಲೆ ಮತ್ತೆ ಇಳಿಯಿತು. ದೇಶದ ಚಾಕೊಲೇಟ್ ಉದ್ಯಮಕ್ಕೆ ಬೇಕಾದಷ್ಟು ಕೋಕೋ ಇಲ್ಲಿ ಬೆಳೆಯದ ಕಾರಣ ಆಮದು ಅನಿವಾರ್ಯವಾಗಿದೆ. ಬೇಡಿಕೆ ಇದೆಯೆಂಬುದು ನಿಜವಾದರೂ, ಬೆಲೆ ನಮ್ಮ ಕೈಯಲ್ಲಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಸೀಮೆಗೆ ಉಳಿದ ಪಾಠ

ಕೋಲ್ಮನ್ ಅವರನ್ನು ಹೊಗಳುವ ಭರದಲ್ಲಿ ಅವರ ಯೋಜನೆಯ ಮಿತಿಗಳನ್ನು ಮರೆಯಬಾರದು. ಕಾಲಕ್ರಮೇಣ ಸರದಿ ಬೆಳೆಯ ಶಿಸ್ತು ಸಡಿಲವಾಗಿ, ನಾಲಾ ಸೀಮೆ ಭತ್ತ ಮತ್ತು ಕಬ್ಬಿಗೇ ಅಂಟಿಕೊಂಡಿತು. ಕಾವೇರಿಯಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ಇಡೀ ಜಿಲ್ಲೆಯ ಬದುಕು ತತ್ತರಿಸಿತು. ಮಂಡ್ಯದ ಕಾರ್ಖಾನೆಯೇ ನಷ್ಟಕ್ಕೆ ಸಿಲುಕಿ ಹಲವು ಹಂಗಾಮುಗಳಲ್ಲಿ ಸ್ಥಗಿತಗೊಂಡಿತು. ಖಾಸಗಿಯವರಿಗೆ ವಹಿಸುವ ಪ್ರಸ್ತಾಪಕ್ಕೆ ರೈತರು ತೀವ್ರ ವಿರೋಧ ಒಡ್ಡಿದ ಬಳಿಕ 2022ರಲ್ಲಿ ಸರ್ಕಾರದ ಆಡಳಿತದಲ್ಲಿಯೇ ಅದು ಮತ್ತೆ ಕಬ್ಬು ಅರೆಯಲಾರಂಭಿಸಿತು. ಯಂತ್ರ ಹಳತಾದರೆ ಬದಲಾಯಿಸಬಹುದು. ಕಾರ್ಖಾನೆ ನಮ್ಮದೆಂಬ ಭಾವನೆ ಒಮ್ಮೆ ಹೋದರೆ ಮರಳಿ ತರುವುದು ಸುಲಭವಲ್ಲ ಎಂಬುದನ್ನು ಆ ಹೋರಾಟ ತೋರಿಸಿಕೊಟ್ಟಿತು.

ಕೋಲ್ಮನ್ ಕಾಲದಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಇರ್ವಿನ್ ನಾಲೆಯ ನೀರು ಇತ್ತ ಹರಿಯಲಿಲ್ಲ. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ಬಂದದ್ದು ಸ್ವಾತಂತ್ರ್ಯಾನಂತರ. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ರೈತರು ಇಂದು ಅರಿಶಿನ, ಬಾಳೆ, ಕಬ್ಬು, ತೆಂಗು ಬೆಳೆಯುತ್ತಾರೆ. ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ. ತೆಂಗಿನ ನೆರಳಿನಲ್ಲಿ ಕೋಕೋ ಬೆಳೆದರೆ ಹೇಗೆ ಎಂದು ಯೋಚಿಸುವವರು, ನೀರಿನ ಲಭ್ಯತೆಯ ಜೊತೆಗೆ ಹಸಿ ಬೀಜವನ್ನು ವಾರದೊಳಗೆ ಕೊಳ್ಳುವವರು ಹತ್ತಿರದಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ವಿಚಾರಿಸುವುದು ಒಳಿತು. 1980ರಲ್ಲಿ ಕರಾವಳಿಯ ಬೆಳೆಗಾರರು ಪಟ್ಟ ಪಾಡು ಈ ಮಾತಿಗೆ ಸಾಕ್ಷಿ.

ಬೆಳೆಯನ್ನು ಹೇಳಿಕೊಡುವುದಕ್ಕೆ ಮೊದಲು ಆ ಬೆಳೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು ಎಂಬುದೇ ಕೋಲ್ಮನ್ ಅವರ ಕೆಲಸದ ಸಾರ. ಅಡಿಕೆಯಲ್ಲಿ ಅವರು ರೋಗಕ್ಕೆ ಮದ್ದು ಹುಡುಕಿದರು, ಏಕೆಂದರೆ ಮಾರುಕಟ್ಟೆ ಆಗಲೇ ಇತ್ತು. ಕಬ್ಬಿನಲ್ಲಿ ಫಾರಂ, ಸರದಿ ಮತ್ತು ಕಾರ್ಖಾನೆಯನ್ನು ಒಟ್ಟೊಟ್ಟಿಗೇ ಯೋಜಿಸಿದರು, ಏಕೆಂದರೆ ಒಂದಿಲ್ಲದೆ ಇನ್ನೊಂದು ನಿಲ್ಲುತ್ತಿರಲಿಲ್ಲ. ಹೊಸ ಬೆಳೆಗಳ ಹೆಸರು ಹೇಳಿ ಸಸಿ ಹಂಚುವ ಯೋಜನೆಗಳು ವರ್ಷಕ್ಕೊಂದರಂತೆ ಬರುತ್ತಿರುವ ಇಂದಿನ ದಿನಗಳಲ್ಲಿ, ಸಸಿಯ ಜೊತೆಗೆ ಖರೀದಿಯ ಖಾತರಿಯನ್ನೂ ಕೇಳುವ ಹಕ್ಕು ರೈತರಿಗಿದೆ. ಆ ಹಕ್ಕನ್ನು ನೆನಪಿಸಿಕೊಳ್ಳುವುದೇ ದೂರದೇಶದಿಂದ ಬಂದು ಈ ಮಣ್ಣಿಗಾಗಿ ದುಡಿದ ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬಹುದಾದ ಗೌರವ.